ನೀರಿನ ಮೇಲೆ ನಾಲ್ಕು ಬೆರಳು

ಈ ದೇಶದಲ್ಲಿ ಕೆಸರನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ. ಸುಳ್ಳಲ್ಲ. ಮಗಳ ಮನೆಗೆ ಬಂದ ಮೂರನೆಯ ದಿನ ಮೊಸರು ಬೇಕಾಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಕೆಳಗಿನ ಖಾನೆಯಲ್ಲಿ ಐಸ್‌ಕ್ರೀಮಿನ ದೊಡ್ಡ ಡಬ್ಬಿಯೊಂದಿತ್ತು. ಮುಚ್ಚಳ ಎತ್ತಿದರೆ ಕಪ್ಪು ಕೆಸರು, ಅದರ ಮೇಲೆ ಒಂದು ಬೆರಳಿನಷ್ಟು ನೀರು. ಮೂಗಿಗೆ ಹಿಡಿದೆ. ಕೊಳೆತ ಬೇರು, ನಿಂತ ನೀರು, ತುಸು ಕೆಟ್ಟ ಮೊಟ್ಟೆ. ನಮ್ಮೂರ ಕೆರೆಯ ಅಂಚಿನ ವಾಸನೆ. ಲಂಡನ್ನಿನಲ್ಲಿ ನನಗೆ ಗುರುತು ಹತ್ತಿದ ಮೊದಲ ವಸ್ತು ಅದು. ನಿಂತಲ್ಲೇ ನಿಂತು ಮೂಸುತ್ತಿದ್ದೆ. ಕಾಲೇಜು ಓದುವ ಮೊಮ್ಮಗಳು ನೀಲಾ ಓಡಿ ಬಂದಳು.

"ಆಯಿ, ತಿನ್ನಬ್ಯಾಡ! ಅದು ನನ್ನ ಕೆಲಸದ್ದು!"

"ಕೆಸರ ತಿನ್ನಾಕ ನಾ ಏನ ಎಮ್ಮಿ ಅದೀನೇನು?" ಅಂದೆ.

ಅವಳು ಡಬ್ಬಿಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡು ಮತ್ತೆ ತಂಪಿನಲ್ಲಿಟ್ಟಳು. ಇದೆಂಥ ಓದು, ಕೆಸರಿಗೆ ಫ್ರಿಜ್ಜು, ಮುದುಕಿಗೆ ಬೈಗುಳ ಎಂದುಕೊಂಡೆ.

ನಾವಿರುವುದು ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿ. ಇಲ್ಲಿ ಸಾಲು ಮನೆ, ಎರಡು ಮನೆಗೆ ಒಂದೇ ಗೋಡೆ. ಪಕ್ಕದವರು ಕೆಮ್ಮಿದರೆ ನಮಗೆ ಕೇಳುತ್ತದೆ, ಎರಡು ವರ್ಷವಾದರೂ ಅವರ ಹೆಸರು ಗೊತ್ತಿಲ್ಲ. ನಮ್ಮಲ್ಲಿ ಗೋಡೆ ಬೇರೆ ಬೇರೆ ಇದ್ದವು, ಕೆಮ್ಮು ಕೇಳಿದರೆ ಕಷಾಯ ಹಿಡಿದುಕೊಂಡು ಹೋಗುತ್ತಿದ್ದೆವು. ಮಗಳು ಸರೋಜಾ ಆಸ್ಪತ್ರೆಯಲ್ಲಿ ನರ್ಸು. ಮನೆಗೆ ಬಂದರೆ ಬೂಟು ಬಿಚ್ಚುವಷ್ಟರಲ್ಲಿ ಅವಳ ಕಣ್ಣು ಮುಚ್ಚಿರುತ್ತವೆ. ಅಳಿಯ ಧಾರವಾಡದವನು, ರೈಲಿನ ಕಚೇರಿಯಲ್ಲಿ ಕೆಲಸ. ಕನ್ನಡ ಬಲ್ಲ, ಮಾತು ಬಲ್ಲವನಲ್ಲ. ಹಾಗಾಗಿ ನನಗೆ ಮಾತಿಗೆ ಉಳಿದವಳು ನೀಲಾ ಒಬ್ಬಳೇ. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಇವಳು ಮಾತ್ರ ನನ್ನ ಬಾಗಲಕೋಟೆಯ ಮಾತನ್ನೇ ಎತ್ತಿಕೊಂಡು ತಪ್ಪುತಪ್ಪಾಗಿ ಆಡುತ್ತಾಳೆ. ಆ ತಪ್ಪುಗಳು ನನಗೆ ಊಟದಷ್ಟೇ ಬೇಕಾಗಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಊಟದ ಮಾತೂ ಹೇಳಬೇಕು. ಇಲ್ಲಿಯ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಆದರೆ ಬೀಸಿ ಎಷ್ಟು ದಿನವಾಗಿರುತ್ತದೋ, ಜಿಗಿಯೇ ಇಲ್ಲ. ತಟ್ಟುತ್ತ ಹೋದರೆ ರೊಟ್ಟಿಯ ಅಂಚು ಬೇಸಿಗೆಯ ಕೆರೆಯಂತೆ ಬಿರಿಯುತ್ತದೆ. ಸ್ವಲ್ಪ ಸೀದರೆ ಹೊಗೆ ಕಂಡು ಚಾವಣಿಗೆ ಅಂಟಿಸಿದ ಗುಂಡಿಯೊಂದು ಕಿರುಚುತ್ತದೆ. ಮೊದಲ ಸಲ ನಾನು ರೊಟ್ಟಿ ಬಿಟ್ಟು ಬೀದಿಗೆ ಓಡಿದ್ದೆ. ಈಗ ಅದು ಕಿರುಚಿದರೆ ಟವೆಲ್ಲು ಬೀಸಿ ಬಾಯಿ ಮುಚ್ಚಿಸುತ್ತೇನೆ. ಟ್ರಾಮಿನಲ್ಲಿ ಒಬ್ಬಳೇ ಮೂರು ನಿಲ್ದಾಣ ಹೋಗಿ ಮೆಂತ್ಯಪಲ್ಲೆ ತರುತ್ತೇನೆ. ಡಾಕ್ಟರರ ಹತ್ತಿರ, ಅಂದರೆ ಇವರು ಜಿಪಿ ಅನ್ನುವವರ ಹತ್ತಿರ, ಮೊಣಕಾಲು ತೋರಿಸಿ "ಪೇನ್, ಪೇನ್" ಅನ್ನಲು ಕಲಿತಿದ್ದೇನೆ. ಮೂರನೆಯ ಇಯತ್ತೆ ಕಲಿತವಳಿಗೆ ಇಷ್ಟು ಸಾಕು.

ಊರು ಬಿಡುವುದು ನನಗೆ ಹೊಸದಲ್ಲ. ಘಟಪ್ರಭಾ ದಂಡೆಯ ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನಾವು ಊರು ಬಿಡುವ ಮೊದಲೇ ಊರು ನಮ್ಮನ್ನು ಬಿಟ್ಟಿತ್ತು. ನಮ್ಮದು ಚಾಪೆ ಹೆಣೆಯುವ ಮನೆ. ಊರಿನ ಕೆರೆಯ ಒಂದು ಮಗ್ಗುಲು ಪೂರ್ತಿ ಜೇಕು ಬೆಳೆಯುತ್ತಿತ್ತು. ನೀರಿನಲ್ಲಿ ಕಾಲಿಟ್ಟು ನಿಲ್ಲುವ ಹುಲ್ಲು ಅದು, ಎದೆಯೆತ್ತರ ಬರುತ್ತದೆ, ದಂಟಿಗೆ ಮೂರು ಮೂಲೆ. ಹೂ ಬಿಡುವ ಮೊದಲೇ ಕೊಯ್ಯಬೇಕು, ತಡವಾದರೆ ದಂಟು ಗಡುಸಾಗಿ ಹೆಣೆಯುವಾಗ ಸೀಳುತ್ತದೆ. ಇನ್ನೊಂದು ಕಟ್ಟಳೆ ನಮ್ಮತ್ತೆ ಬಾರುಕೋಲಿನಿಂದ ಕಲಿಸಿದ್ದು. ನೀರಿನ ಮೇಲೆ ನಾಲ್ಕು ಬೆರಳು ಬಿಟ್ಟು ಕೊಯ್ಯಬೇಕು. ನೀರಿನೊಳಗೆ ಕುಡುಗೋಲು ಹಾಕಿದರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಮರುವರ್ಷ ಆ ಬುಡದಲ್ಲಿ ಹುಲ್ಲಿಲ್ಲ, ಬರೀ ಕೊಳೆ.

ಕೆರೆ ಮುಳುಗಿದ ವರ್ಷ ದೋಣಿಯಲ್ಲಿ ಕೂತು ಒಮ್ಮೆ ಅದರ ಮೇಲೆ ಹಾದು ಹೋದೆವು. ಅಡಿಯಲ್ಲಿ ನಮ್ಮ ಜೇಕಿನ ಮಡು ಇದೆ ಎಂದು ಹೇಗೆ ತಿಳಿಯಿತು ಗೊತ್ತೆ? ಅಷ್ಟು ಜಾಗದಲ್ಲಿ ಮಾತ್ರ ನೀರು ಗುಳ್ಳೆ ಗುಳ್ಳೆ ಎದ್ದು ಒಡೆಯುತ್ತಿತ್ತು. ನನ್ನ ಗಂಡ ಅತ್ತ ನೋಡಲಿಲ್ಲ. ನಾನು ನೋಡಿದೆ. ಆಮೇಲೆ ಸರಕಾರ ಕೊಟ್ಟ ಸೈಟಿನಲ್ಲಿ ಮನೆ ಕಟ್ಟಿದೆವು, ಅಲ್ಲಿ ನೀರು ನಲ್ಲಿಯಲ್ಲಿ ಬರುತ್ತಿತ್ತು, ಹುಲ್ಲು ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಚಾಪೆಯ ಮೇಲೆ ಮಲಗಲು ಕಲಿತೆ. ಗಂಡ ಹೋದ ಮೇಲೆ ಮಗಳು ಕರೆದುಕೊಂಡು ಬಂದಳು. ಕಾಗದಪತ್ರದ ಗೋಳು ಬೇಡ.

ಈಗ ಟಬ್ಬುಗಳ ಸುದ್ದಿ. ಹೋದ ಚಳಿ ಕಳೆಯುತ್ತಿದ್ದಂತೆ ನೀಲಾ ಹಿತ್ತಲಲ್ಲಿ ಆರು ಟಬ್ಬು ಇಟ್ಟಳು. ಕಾಲೇಜಿನ ಗಾಜಿನ ಮನೆಯಲ್ಲಿ ಜಾಗ ಇರಲಿಲ್ಲವಂತೆ. ಇದೇ ದೇಶದ ಉತ್ತರದ ಜೌಗಿನಿಂದ ತಂದ ಕೆಸರು, ಅದರಲ್ಲಿ ನೆಟ್ಟ ಹುಲ್ಲು. ದಿನಾ ಬೆಳಗ್ಗೆ ಒಂದೊಂದು ಟಬ್ಬಿನ ಮೇಲೆ ಗಾಜಿನಂಥ ಪೆಟ್ಟಿಗೆ ಬೋರಲು ಹಾಕುವಳು. ಪೆಟ್ಟಿಗೆಯಿಂದ ನಳಿಗೆ, ನಳಿಗೆಯ ತುದಿಗೆ ಒಂದು ಮಶಿನ್ನು, ಮಶಿನ್ನಿನಲ್ಲಿ ಅಂಕಿ ಏರುತ್ತದೆ.

"ಏನ ಅಳೀತೀ?" ಎಂದು ಕೇಳಿದೆ.

"ಕೆಸರಾಗಿಂದ ಬರೋ ಗ್ಯಾಸ, ಆಯಿ. ಮೀಥೇನ್."

"ಗೋಬರ್ ಗ್ಯಾಸ ಏನು?"

"ಹೂಂ, ಅದs! ನಿನಗ ಹ್ಯಾಂಗ ಗೊತ್ತು?"

"ಹನ್ನೆರಡ ವರ್ಷ ಅದರ ಮ್ಯಾಲ ಚಾ ಕಾಸೀನವಾ. ಸೆಗಣಿ ಕಲಸಾಕ ನಿಮ್ಮ ಕಾಲೇಜ ಬೇಕಾಗಿರಲಿಲ್ಲ."

ಅವಳು ನಕ್ಕು ಉಳಿದದ್ದು ಹೇಳಿದಳು. ಭೂಮಿಯ ನೆತ್ತಿಯ ಕಡೆ ಟಂಡ್ರಾ ಅನ್ನುವ ಸೀಮೆ ಇದೆ. ಅಲ್ಲಿ ಮರವಿಲ್ಲ. ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಬೇಸಿಗೆಯಲ್ಲಿ ಮೇಲಿನ ಒಂದು ಮೊಳ ಮಾತ್ರ ಕರಗಿ ಜೌಗಾಗುತ್ತದೆ. ಯಾವ ಕಾಲದ್ದೋ ಕೊಳೆಯದ ಬೇರು, ಎಲೆ ಎಲ್ಲ ಆ ಹೆಪ್ಪಿನೊಳಗೆ ಕೂತಿವೆ. ಈಗ ಬಿಸಿಲು ಜಾಸ್ತಿಯಾಗಿ ಹೆಪ್ಪು ಆಳಕ್ಕೆ ಕರಗುತ್ತಿದೆ. ಕರಗಿದ್ದು ಕೊಳೆಯುತ್ತದೆ, ಕೊಳೆತದ್ದು ಗ್ಯಾಸು ಬಿಡುತ್ತದೆ, ಆ ಗ್ಯಾಸು ಮೇಲೇರಿ ಇನ್ನೂ ಬಿಸಿ ಮಾಡುತ್ತದೆ. ಈ ಬೇಸಿಗೆಗೆ ಅವಳು ಮೂರು ತಿಂಗಳು ಅಲ್ಲಿಗೆ ಹೋಗಬೇಕು. ಆದರೆ ಮೊದಲು ಈ ಟಬ್ಬುಗಳ ಮೇಲೆ ಅಳತೆ ಮಾಡುವುದನ್ನು ಪಳಗಿಸಿಕೊಂಡು, ಐದು ವಾರದ ಲೆಕ್ಕ ತೋರಿಸಿ, ಕಾಲೇಜಿನ ಮೇಡಂ ಅನ್ನು ಒಪ್ಪಿಸಬೇಕು. ಒಪ್ಪದಿದ್ದರೆ ಆ ಜಾಗಕ್ಕೆ ಬೇರೆಯವರು.

"ಮೂರ ತಿಂಗಳ?" ಅಂದೆ.

"ಬರೇ ಮೂರ, ಆಯಿ."

ಬರೇ ಅನ್ನುವುದು ಹೋಗುವವರ ಮಾತು.

ಮೇ ತಿಂಗಳ ಒಂದು ದಿನ. ಮನೆಯಲ್ಲಿ ನಾನೊಬ್ಬಳೇ. ಬಟ್ಟೆ ಹರವಲು ಹಿತ್ತಲಿಗೆ ಹೋದೆ. ಟಬ್ಬಿನ ಹುಲ್ಲನ್ನು ಆವರೆಗೆ ಹತ್ತಿರ ಹೋಗಿ ನೋಡಿರಲಿಲ್ಲ. ಅಂದು ಒಂದು ದಂಟನ್ನು ಬೆರಳ ನಡುವೆ ಹೊರಳಿಸಿದೆ. ಮೂರು ಮೂಲೆ! ಉಗುರಿನಿಂದ ಸೀಳಿದರೆ ಒಳಗೆ ಬಿಳಿಯ ಬೆಂಡು. ನಮ್ಮ ಜೇಕಿನ ತಂಗಿ ಅದು, ಸ್ವಲ್ಪ ಸಣಕಲು, ಚಳಿಯಲ್ಲಿ ಬೆಳೆದ ಹುಡುಗಿಯ ಹಾಗೆ. ತುದಿಯಲ್ಲಿ ಹೂವಿನ ಮೊಗ್ಗು ಬಿರಿಯಲು ಎರಡೇ ದಿನ ಉಳಿದಿತ್ತು.

ಮುಂದಿನದು ಕೈ ಮಾಡಿದ ಕೆಲಸ. ಅಡಿಗೆಮನೆಯಲ್ಲಿ ಬ್ರೆಡ್ಡು ಕೊಯ್ಯುವ ಚಾಕು ಇದೆ, ಕುಡುಗೋಲಿನಂತೆಯೇ ಅದಕ್ಕೂ ಹಲ್ಲು. ಅವಳು ಅಳೆಯುವುದು ಕೆಸರಿನ ಗ್ಯಾಸು, ಮೇಲಿನ ಹುಲ್ಲಿನಿಂದ ಅವಳಿಗೇನು ಎಂದುಕೊಂಡೆ. ಕೆಸರು ಅವಳಿಗಿರಲಿ, ಹುಲ್ಲು ನನಗಿರಲಿ. ಎಡಗೈಯಲ್ಲಿ ಹಿಡಿ ಹಿಡಿದು, ನಾಲ್ಕು ಬೆರಳು ಬಿಟ್ಟು, ಒಂದೊಂದೇ ಹಿಡಿ ಕೊಯ್ದೆ. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು ಆ ಸದ್ದು ಕೇಳಿ. ನಾಲ್ಕು ಟಬ್ಬು ಮುಗಿಯುವಷ್ಟರಲ್ಲಿ ಮೊಣಕಾಲು ಸಾಕು ಅಂದಿತು, ಎರಡು ಉಳಿದವು. ಕೊಯ್ದದ್ದನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಸಾಲಾಗಿ ಹರವಿದೆ. ನನ್ನ ಸೀರೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದೆ.

ಸಂಜೆ ನೀಲಾ ಬಂದವಳು ಹಿತ್ತಲ ಬಾಗಿಲಲ್ಲೇ ನಿಂತಳು.

"ಆಯಿ. ಯಾರ ಮಾಡಿದ್ದು ಇದು?"

"ಯಾರ ಮಾಡ್ತಾರ? ನಾನs. ನೋಡ ಎಷ್ಟ ಚಂದ ಒಣಗಾಕತ್ತೇತಿ. ನಿನ್ನ ಕೆಸರ ಹಂಗs ಐತಿ, ಮುಟ್ಟಿಲ್ಲ."

ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಸಿಟ್ಟು ಬಂದರೆ ಅವಳ ಕನ್ನಡ ಮನೆ ಬಿಟ್ಟು ಹೋಗುತ್ತದೆ. ಒಂದು ಶಬ್ದವೂ ತಿಳಿಯಲಿಲ್ಲ. ನಾನು ಸ್ಟ್ಯಾಂಡು ಹಿಡಿದುಕೊಂಡು ನಿಂತೆ, ಅದನ್ನೂ ಕಿತ್ತುಕೊಂಡಾಳು ಎಂಬಂತೆ. ಕೆಲಸದಿಂದ ಬಂದು ಮಲಗಿದ್ದ ಸರೋಜಾ ಎದ್ದು ಬಂದಳು.

"ಏನಬೇ ಮಾಡೀ ನೀನು? ಆಕಿ ವರ್ಷದ ಕೆಲಸಾ ಅದು!"

"ಗ್ಯಾಸ ಕೆಸರಾಗ ಇರ್ತೈತಿ ಅಂದಿದ್ಲು. ಹುಲ್ಲಾಗ ಅಂದಿದ್ಲೇನು?"

ಅದನ್ನು ಕೇಳಿ ನೀಲಾ ಕಣ್ಣೊರೆಸಿಕೊಂಡು ಕನ್ನಡಕ್ಕೆ ಮರಳಿದಳು. "ಹುಲ್ಲs ಎಲ್ಲಾ, ಆಯಿ! ನಾ ನೋಡೂದs ಹುಲ್ಲಿಂದು!" ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೆಳಗೆ ಗಾಳಿಯಿಲ್ಲದ ಕೆಸರಿನಲ್ಲಿ ಗ್ಯಾಸು ಹುಟ್ಟುತ್ತದೆ. ಅದು ಮಣ್ಣಿನ ಮೂಲಕವೇ ಮೇಲೆ ಬಂದರೆ ಮೇಲ್ಪದರದಲ್ಲಿ ಅದನ್ನು ತಿನ್ನುವ ಹುಳಗಳಿವೆ, ಕಣ್ಣಿಗೆ ಕಾಣದಂಥವು. ದಾರಿಯಲ್ಲೇ ಅಷ್ಟಿಷ್ಟು ತಿಂದು ಮುಗಿಸುತ್ತವೆ. ಆದರೆ ಈ ಹುಲ್ಲಿನ ದಂಟು ಟೊಳ್ಳು ಬೆಂಡು, ಒಲೆಯ ಚಿಮಣಿ ಇದ್ದ ಹಾಗೆ. ಗ್ಯಾಸು ಬೇರಿನಿಂದ ದಂಟು ಹತ್ತಿ ತಿನ್ನುವವರ ಕೈಗೆ ಸಿಗದೆ ಸೀದಾ ಹೊರಗೆ ಹೋಗುತ್ತದೆ. ಅದೇ ದಂಟಿನಿಂದ ಗಾಳಿ ಕೆಳಗೂ ಇಳಿಯುತ್ತದೆ, ಬೇರಿನ ಸುತ್ತ ತಿನ್ನುವ ಹುಳಗಳಿಗೆ ಉಸಿರು ಕೊಡುತ್ತದೆ. ಮತ್ತೆ ಬೇರಿನಿಂದ ಸಿಹಿರಸ ಒಸರಿ ಗ್ಯಾಸು ಮಾಡುವ ಹುಳಗಳಿಗೂ ಊಟ. ಟಂಡ್ರಾ ಕರಗಿದಂತೆಲ್ಲ ಈ ಹುಲ್ಲು ಹಬ್ಬುತ್ತಿದೆ. ಹಬ್ಬಿದರೆ ಗ್ಯಾಸು ಹೆಚ್ಚೋ ಕಡಿಮೆಯೋ? ಅದೇ ಅವಳ ಪ್ರಶ್ನೆ. ನಾನು ಅವಳ ಪ್ರಶ್ನೆಯನ್ನೇ ಕೊಯ್ದು ಒಣಗಲು ಹಾಕಿದ್ದೆ.

"ಇನ್ನ ಎರಡ ವಾರದ ಲೆಕ್ಕಾ ಬಾಕಿ ಇತ್ತು. ನಾ ಹೋಗೂದು ಮುಗೀತು," ಅಂದಳು.

ಬೇಕಂತಲೇ ಮಾಡಿದೆಯಾ ಎಂದು ಸರೋಜಾ ಆಮೇಲೆ ಕೇಳಿದಳು. ಇಲ್ಲ. ಆದರೆ "ಹೋಗೂದು ಮುಗೀತು" ಎಂದು ಹುಡುಗಿ ಅಂದಾಗ ನನ್ನೊಳಗೆ ಏನೋ ಹಗುರಾಯಿತು. ಬೇಸಿಗೆ ಪೂರ್ತಿ ಮನೆಯಲ್ಲಿ ಇರುತ್ತಾಳೆ, ತಪ್ಪು ಕನ್ನಡ ಆಡುತ್ತಾಳೆ, ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂತು ಗುಂಡಿ ಕಿರುಚಿದರೆ ನಗುತ್ತಾಳೆ. ಇದನ್ನು ಹೇಳಲು ನಾಚಿಕೆಯಿಲ್ಲ, ಇದ್ದದ್ದು ಇದು.

ಇನ್ನೂ ಒಂದಿದೆ. ಕೊಯ್ದ ಟಬ್ಬು ಕೆಟ್ಟಿಲ್ಲ ಎಂದು ನನಗೆ ಗೊತ್ತಿತ್ತು. ಬೇರು ಸತ್ತಿಲ್ಲ, ದಂಟಿನ ಬಾಯಿ ನೀರಿನ ಮೇಲಿದೆ, ಉಸಿರು ಆಡುತ್ತಿದೆ. ಗಾಳಿ ಒಳಗೆ ಹೋಗಿಬರುವುದಾದರೆ ಅವಳ ಗ್ಯಾಸೂ ಹೊರಗೆ ಬರಲೇಬೇಕಲ್ಲ. ಅವಳು ಚಿಮಣಿಯ ಮಾತು ಹೇಳುವಾಗಲೇ ಇದು ಹೊಳೆದಿತ್ತು. ಬಾಯಿ ಬಿಡಲಿಲ್ಲ. ಒಂದು ದಿನ ಸುಮ್ಮನಿದ್ದೆ. ಎರಡನೆಯ ದಿನವೂ ಸುಮ್ಮನಿದ್ದೆ. ಅವಳೂ ನನ್ನೊಡನೆ ಮಾತಾಡಲಿಲ್ಲ. ಎದುರಿಗೇ ಕೂತು ಫೋನು ನೋಡುತ್ತ ಉಂಡು ಏಳುವಳು. ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಂಡಿದ್ದೆ, ಮಾತು ಉಳಿದಿರಲಿಲ್ಲ.

ಮೂರನೆಯ ದಿನ ಮಳೆ ಹನಿಯಿತು. ಹಿತ್ತಲಿನಿಂದ ನೀಲಾ ಒಳಗೆ ಬಂದಳು, ಕೈತುಂಬ ನನ್ನ ಜೇಕು. ನೆನೆಯಬಾರದೆಂದು ಎಲ್ಲ ಬಾಚಿ ತಂದಿದ್ದಳು. ಬುಡ ಒಂದು ಕಡೆ, ತುದಿ ಒಂದು ಕಡೆ, ಸರಿಯಾಗಿ ಜೋಡಿಸಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ತಗೋ ಆಯಿ. ಚಾಪಿ ಮಾಡು. ವೇಸ್ಟ್ ಯಾಕ ಆಗಬೇಕು."

ಬೈದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

"ನೀಲಾ, ಆ ಟಬ್ಬ ಚೆಲ್ಲಬ್ಯಾಡ."

"ಯಾಕ?"

"ನೀರಿನ ಮ್ಯಾಲ ನಾಕ ಬೆರಳ ಬಿಟ್ಟ ಕೊಯ್ದೀನಿ. ದಂಟಿನ ಬಾಯಿ ತೆರದೈತಿ. ನಿನ್ನ ಪೆಟಗಿ ಇಟ್ಟ ನೋಡ. ಗ್ಯಾಸ ಮೊದಲಿನಂಗs ಬರ್ತೈತಿ."

"ನಿನಗ ಹ್ಯಾಂಗ ಗೊತ್ತು?"

"ನೀರಾಗ ಕೊಯ್ದರ ಬೇರ ಸಾಯ್ತೈತಿ, ಮ್ಯಾಲ ಕೊಯ್ದರ ಬದಕತೈತಿ. ಉಸರ ಆಡಲಾರದs ಹ್ಯಾಂಗ ಬದಕತೈತಿ? ಸಣ್ಣವರಿದ್ದಾಗ ತುಂಡ ದಂಟಿನ ಒಂದ ತುದಿ ನೀರಾಗ ಅದ್ದಿ ಈ ಕಡೆಯಿಂದ ಊದತಿದ್ವಿ, ಆ ಕಡೆ ಗುಳ್ಳಿ ಬರತಿತ್ತು."

ಮಳೆಯಲ್ಲೇ ಕೊಡೆ ಹಿಡಿಸಿಕೊಂಡು ಅಳೆದಳು. ಕೊಡೆ ಹಿಡಿದವಳು ನಾನೇ. ಅಂಕಿ ಏರಿತು, ಕೊಯ್ಯದ ಟಬ್ಬಿನಷ್ಟೇ, ಒಂದರಲ್ಲಿ ತುಸು ಹೆಚ್ಚೇ. ಅವಳು ಮಶಿನ್ನನ್ನೂ ನನ್ನನ್ನೂ ನೋಡಿದಳು. ಮರುದಿನ ಮೇಡಂಗೆ ತೋರಿಸಿದಳು. ಇದೇನು ಹೊಸದಲ್ಲ, ಪುಸ್ತಕದಲ್ಲಿ ಇದೆ ಅಂದರಂತೆ ಮೇಡಂ. ಇರಲಿ, ನಮ್ಮತ್ತೆ ಪುಸ್ತಕ ಓದಿರಲಿಲ್ಲ. ಆದರೆ ಹುಲ್ಲು ಕೊಯ್ದೇ ಬಿಟ್ಟಿದ್ದೀಯ, ಅದನ್ನೇ ಪರೀಕ್ಷೆ ಮಾಡಿಕೋ ಎಂದೂ ಅಂದರು. ಎರಡು ಟಬ್ಬು ಕೊಯ್ಯದ್ದು, ಎರಡು ಕೊಯ್ದು ಬಾಯಿ ತೆರೆದದ್ದು, ಎರಡು ಕೊಯ್ದು ಬಾಯಿ ಮುಚ್ಚಿದ್ದು. ಎರಡು ವಾರ.

ಬಾಯಿ ಮುಚ್ಚುವ ಕೆಲಸ ನನ್ನದಾಯಿತು. ನೀಲಾಳ ಬೆರಳು ಓದಿನ ಬೆರಳು, ನಡುಗುತ್ತವೆ. ನಾನು ಮಣೆ ಹಾಕಿ ಕೂತು ಒಂದೊಂದು ದಂಟಿನ ತುದಿಗೂ ವ್ಯಾಸಲೀನು ಮೆತ್ತಿದೆ, ಬಾಣಂತಿಗೆ ಹರಳೆಣ್ಣೆ ಹಚ್ಚುವ ಹಾಗೆ ಹದವಾಗಿ. ಮುಚ್ಚಿದ ಟಬ್ಬಿನಲ್ಲಿ ಅಂಕಿ ಕೆಳಗಿಳಿಯಿತು, ಅವಳು ಕುಣಿದಳು. ಆರನೆಯ ದಿನ ಬೆಳಗ್ಗೆ ಅದೇ ಟಬ್ಬಿನಲ್ಲಿ ಅಂಕಿ ಒಮ್ಮೆಲೆ ಹಾರಿತು. ಮಶಿನ್ನು ಕೆಟ್ಟಿತೆಂದು ಅವಳು ಬಡಿಯತೊಡಗಿದಳು.

"ಅದನ್ಯಾಕ ಬಡೀತೀ? ನೀರ ನೋಡ," ಅಂದೆ.

ದಂಟುಗಳ ನಡುವೆ ನೀರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ದಾರಿ ಮುಚ್ಚಿದ್ದಕ್ಕೆ ಕೆಳಗೆ ಸೇರಿ ಸೇರಿ ಗುಳ್ಳೆಯಾಗಿ ಬರುತ್ತಿತ್ತು. ದೋಣಿಯಲ್ಲಿ ಕೂತು ನೋಡಿದ್ದು ಇದನ್ನೇ. ನಮ್ಮ ಜೇಕೆಲ್ಲ ನೀರಿನಡಿ ಹೋಗಿ ಬಾಯಿ ಮುಚ್ಚಿಕೊಂಡಿತ್ತು, ಉಸಿರು ಗುಳ್ಳೆಯಾಗಿ ಎದ್ದಿತ್ತು. ಅಂದು ನನಗೆ ಅದು ಊರು ಮಾತಾಡಿದ ಹಾಗೆ ಕಂಡಿತ್ತು, ಯಾರಿಗೂ ಹೇಳಿರಲಿಲ್ಲ. ಕ್ರೋಯ್ಡನ್ನಿನ ಹಿತ್ತಲಲ್ಲಿ ಕೂತು ನೀಲಾಗೆ ಹೇಳಿದೆ. ಅವಳು ವಹಿಯಲ್ಲಿ ಏನೋ ಬರೆದುಕೊಂಡಳು. ಏನು ಬರೆದೆ ಎಂದರೆ "ಗುಳ್ಳಿ" ಅಂದಳು, ಅಷ್ಟೇ.

ಮೇಡಂ ಒಪ್ಪಿದರು. ಜೂನಿನಲ್ಲಿ ಹೊರಡುವುದು ಖಾತ್ರಿಯಾಯಿತು.

"ಹುಲ್ಲ ಒಳ್ಳೇದೋ ಕೆಟ್ಟದ್ದೋ, ಏನ ತಿಳೀತು?" ಎಂದು ಕೇಳಿದೆ.

"ಎರಡೂ, ಆಯಿ. ಯಾವುದು ಹೆಚ್ಚು ಅಂತ ನೋಡಾಕs ಹೊಂಟೀನಿ."

"ಹಂಗಾರ ಸೊಸಿ ಇದ್ದಂಗ," ಅಂದೆ.

ಕೊಯ್ದ ಜೇಕಿನಿಂದ ಚಾಪೆ ಹೆಣೆದೆ. ಮಲಗುವ ಚಾಪೆಯಾಗುವಷ್ಟು ಎಲ್ಲಿತ್ತು? ಒಬ್ಬರು ಕುಂಡಿ ಊರುವಷ್ಟಾಯಿತು. ಇಲ್ಲಿಯ ಬಿಸಿಲು ಸಾಲದೆ ದಂಟಿನ ಹಸಿರು ಹೋಗಿರಲಿಲ್ಲ, ಅಂಚು ಒಂದು ಕಡೆ ಸೊಟ್ಟ. ನಮ್ಮತ್ತೆ ನೋಡಿದ್ದರೆ ಬಿಚ್ಚಿಸಿ ಮತ್ತೆ ಹೆಣೆಸುತ್ತಿದ್ದಳು. ಅದನ್ನು ನನ್ನ ಕುರ್ಚಿಯ ಕೆಳಗೆ ಹಾಕಿಕೊಳ್ಳಬೇಕೆಂದಿದ್ದೆ. ಹೊರಡುವ ದಿನ ನೀಲಾ ಅದನ್ನು ಸುತ್ತಿ ಬ್ಯಾಗಿಗೆ ಕಟ್ಟಿಕೊಂಡಳು. ಕೇಳಲಿಲ್ಲ, ಕಟ್ಟಿಕೊಂಡಳು. ನಾನೂ ಬೇಡವೆನ್ನಲಿಲ್ಲ.

ಈಗ ಮನೆಯಲ್ಲಿ ಗೋಡೆಯಾಚೆಯ ಕೆಮ್ಮು ಚೆನ್ನಾಗಿ ಕೇಳುತ್ತದೆ. ಊರ ಕಡೆಯಿಂದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ ಕಾಶವ್ವ, ಫೋನು ಮಾಡಿ, "ಯಾವಾಗ ಬರ್ತೀಬೇ? ಲಂಡನ್ನಿನಾಗs ಬೇರ ಬಿಟ್ಟೀಯೇನು?" ಅನ್ನುತ್ತಾಳೆ. ಬರ್ತೀನಿ ಅನ್ನುತ್ತೇನೆ. ಎಲ್ಲಿಗೆ ಎಂದು ಅವಳೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ನನಗೆ ಬೇಕಾದ ಊರಿಗೆ ಬಸ್ಸು ಹೋಗುವುದಿಲ್ಲ. ಸರಕಾರದ ಸೈಟು ನನ್ನ ಊರಲ್ಲ. ಕ್ರೋಯ್ಡನ್ನೂ ಅಲ್ಲ. ಆದರೆ ದಿನಾ ಬೆಳಗ್ಗೆ ಟಬ್ಬುಗಳಿಗೆ ನೀರು ಹಾಕುತ್ತೇನೆ, ಕೊಯ್ದ ಬುಡದಲ್ಲಿ ಹೊಸ ಚಿಗುರು ಗೇಣುದ್ದ ಬಂದಿದೆ. ನಮ್ಮ ಟಬ್ಬು ಎಂದು ಅಳಿಯನಿಗೆ ಅಂದೆ, ಆಮೇಲೆ ಆ 'ನಮ್ಮ' ನನಗೇ ಕೇಳಿಸಿತು.

ಮೊನ್ನೆ ನೀಲಾ ಫೋನು ಮಾಡಿದಳು. ಅಲ್ಲಿ ಕೂರಲು ಒಣ ನೆಲವೇ ಇಲ್ಲವಂತೆ. ಕಣ್ಣು ಹೋದಷ್ಟು ದೂರ ಹುಲ್ಲು, ನೀರು, ಸೊಳ್ಳೆ. ಹಲಗೆ ಹಾಸಿ, ಹಲಗೆಯ ಮೇಲೆ ನನ್ನ ಚಾಪೆ ಹಾಕಿ, ಅದರ ಮೇಲೆ ಕೂತು ದಿನವಿಡೀ ಪೆಟ್ಟಿಗೆ ಕಾಯುತ್ತಾಳಂತೆ.

"ಚಾಪಿ ಪೂರ್ತಿ ಕೆಸರಾಗೇತಿ ಆಯಿ. ಸಾರಿ."

"ವಾಸನಿ ಹ್ಯಾಂಗೈತಿ?"

ಅವಳು ಮೂಸಿ ನೋಡಿದ್ದು ಫೋನಿನಲ್ಲಿ ಕೇಳಿಸಿತು.

"ಫ್ರಿಜ್ಜಿನ ಡಬ್ಬಿಯಂಗ. ನೀ ಹೇಳೂ ನಿಮ್ಮ ಕೆರಿಯಂಗ."

"ತೊಳೀಬ್ಯಾಡ. ಹಂಗs ತಗೊಂಡ ಬಾ," ಅಂದೆ.

ನಾನು ಹೆಣೆದ ಚಾಪೆಗೆ ಕೆಸರು ಸಿಕ್ಕಿದೆ. ನಾನು ಕಾರ್ಪೆಟ್ಟಿನ ಮೇಲೆ ಕೂತು ಕಾಯುತ್ತಿದ್ದೇನೆ.